ಕನಸಿನಲ್ಲಿ ಹಗ್ಗ ಎಳೆದವರಿಗೂ ಪಾಲು

ಚಾಪೆಯಿಂದ ಏಳದೆ, ಕಾಲಿಗೆ ಒಂದು ಹನಿ ಉಪ್ಪುನೀರು ತಾಗಿಸಿಕೊಳ್ಳದೆ, ದಿನಾ ಬಲೆ ತುಂಬ ಮೀನು ಹಿಡಿಯುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ದಿನಾ ಬೆಳಿಗ್ಗೆ ಅವರಿಗೆ ಚಾ ಮಾಡಿ ಕೊಡುವವಳೇ ನಾನು! ಅವರು ನನ್ನ ಮಾವ, ಅಂದರೆ ಗಂಡನ ಅಪ್ಪ. ಉಪ್ಪುಂದದ ಕಡಲ ಬದಿಯ ನಮ್ಮ ಮನೆಯಲ್ಲಿ ಉಳಿದವರೆಲ್ಲ ನಿದ್ದೆ ಮಾಡಲು ಮಲಗುತ್ತೇವೆ, ಮಾವ ಮಾತ್ರ ಕೆಲಸಕ್ಕೆ ಹೋಗಲು ಮಲಗುತ್ತಾರೆ. "ನಾ ಹೋಯ್ ಬತ್ತೆ" ಎಂದು ಹೇಳಿಯೇ ಚಾದರ ಎಳೆದುಕೊಳ್ಳುತ್ತಾರೆ. "ಹುಷಾರಿ" ಎಂದು ಅತ್ತೆ ದೀಪ ಆರಿಸುತ್ತಾರೆ.

ಇದು ಬರೀ ಬಾಯಿಮಾತು ಎಂದು ತಿಳಿಯಬೇಡಿ. ನಾನು ಹೊಲಿಗೆಯವಳು. ಮನೆಯ ಜಗುಲಿಯಲ್ಲೇ ನನ್ನ ಮೆಷಿನ್ ಇದೆ, ಊರಿನ ರವಿಕೆಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಅಳತೆಯಲ್ಲಿ ಸುಳ್ಳು ಹೇಳಿದವಳ ರವಿಕೆಯನ್ನು ಯಾರು ತೊಡುತ್ತಾರೆ?

ಸಣ್ಣವರಿರುವಾಗಲೇ ಮಾವನಿಗೆ ಈ ವಿದ್ಯೆ ಇತ್ತಂತೆ. ಕನಸು ಬೀಳುತ್ತಿರುವಾಗಲೇ ‘ಓ, ಇದು ಕನಸು’ ಎಂದು ಒಳಗಿದ್ದುಕೊಂಡೇ ಗೊತ್ತಾಗುವುದು, ಗೊತ್ತಾದ ಮೇಲೆ ಎಚ್ಚರಾಗದೆ ಅದನ್ನು ತಮಗೆ ಬೇಕಾದ ಕಡೆಗೆ ತಿರುಗಿಸುವುದು. ನಿಮಗೂ ನನಗೂ ಕನಸು ಬಿದ್ದರೆ ಏನಾಗುತ್ತದೆ? ಓದದ ಪಾಠದ ಪರೀಕ್ಷೆಗೆ ಕೂರಿಸುತ್ತಾರೆ, ಇಲ್ಲವೇ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಕಾಲು ಏಳುವುದಿಲ್ಲ. ಮಾವನದು ಹಾಗಲ್ಲ. ಅಟ್ಟಿಸಿಕೊಂಡು ಬಂದ ನಾಯಿಯನ್ನು ನಿಲ್ಲಿಸಿ, ಅದರ ಬೆನ್ನ ಮೇಲೆ ಕೂತು ಕೊಲ್ಲೂರಿಗೆ ಹೋಗಿ ಬಂದವರು ಅವರು! ನಡುವೆ ವಂಡ್ಸೆಯಲ್ಲಿ ಇಳಿದು ಚಾ ಕುಡಿದದ್ದೂ ಉಂಟಂತೆ.

"ನಾಯಿಗೆ ಎಂತದೂ ಕೊಡ್ಸ್ಲಿಲ್ಯಾ ಮಾವ?" ಎಂದು ಕೇಳಿದೆ.

"ಕೊಡ್ಸ್ದೆ ಇಪ್ಪುಕಾತ್ತಾ? ಎರಡ್ ಬನ್ಸ್ ತಿಂತ್" ಅಂದರು, ಸ್ವಲ್ಪವೂ ನಗದೆ.

ಆಮೇಲೆ ದೊಡ್ಡವರಾದರು, ಕೈರಂಪಣಿಗೆ ಸೇರಿದರು. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯೊಂದು ಕಡಲಿನಲ್ಲಿ ಅರ್ಧ ಸುತ್ತು ಹೊಡೆದು ಬಲೆ ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಗಳ ಹಗ್ಗವನ್ನು ದಡದ ಮೇಲೆ ಎರಡು ಸಾಲು ಜನ ಎಳೆಯುತ್ತಾರೆ. ತೆಂಕಣ ಬದಿಯ ಹಗ್ಗಕ್ಕೆ ನಮ್ಮ ಮಾವ ಮುಂದಾಳು. ಬಡಗಣ ಬದಿಯ ಹಗ್ಗಕ್ಕೆ ಅವರ ಜೀವದ ಗೆಳೆಯರೊಬ್ಬರು. ಅವರ ವಿಷಯ ಆಮೇಲೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಈ ಕೆಲಸಕ್ಕೆ ಸೇರಿದವರು ಕಾಗೆ ಕೂಗುವ ಮೊದಲೇ ಎದ್ದು ನೀರಿನ ಬಣ್ಣ ನೋಡಬೇಕು. ಒಳ್ಳೊಳ್ಳೆಯ ಕನಸುಗಳು ಬರುವ ಹೊತ್ತೂ ಅದೇ ಅಲ್ಲವೇ? ಹಾಗಾಗಿ ವರ್ಷಗಟ್ಟಲೆ ಮಾವನಿಗೆ ಒಂದು ಕನಸೂ ನೆನಪಿನಲ್ಲಿ ಉಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಆಸೆಯಿಂದ ಕೇಳಿದ್ದರಂತೆ, "ನಿಮ್ಗೆ ಕನ್ಸಂಗೆ ನಾನ್ ಬತ್ನಾ?" ಎಂದು. ಮಾವ ತಲೆ ಕೆರೆದುಕೊಂಡು, "ಬಂದ್ರೂ ಬಾಗ್ಲ್ ತೆಗುಕೆ ಯಾರಿದ್ರ್?" ಅಂದರಂತೆ. ಅತ್ತೆ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

ಕೊನೆಗೊಂದು ದಿನ ಮಾವನಿಗೆ ಮೊಣಕಾಲು ಕೈಕೊಟ್ಟಿತು. ಕುಂದಾಪುರದಲ್ಲಿ ಆಪರೇಷನ್ ಆಯಿತು. ಕಡಲ ಮರಳಿನ ಮೇಲೆ ನಡೆಯಬಾರದು, ಚೆನ್ನಾಗಿ ನಿದ್ದೆ ಮಾಡಬೇಕು ಎಂದು ಡಾಕ್ಟರ್ ಹೇಳಿ ಕಳಿಸಿದರು. ಮನೆಗೆ ಬಂದು ಸ್ವಲ್ಪ ದಿನ ಆಗಿತ್ತು. ಒಂದು ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದರೂ ಮಾವ ಏಳಲಿಲ್ಲ. ಕೈರಂಪಣಿಗೆ ಸೇರಿದಂದಿನಿಂದ ಸೂರ್ಯನಿಗಿಂತ ಮೊದಲೇ ಎದ್ದ ಮನುಷ್ಯ! ಅತ್ತೆ ಗಾಬರಿಯಾಗಿ ಅವರ ಮೂಗಿನ ಹತ್ತಿರ ಕೈ ಹಿಡಿದರು. ಮಾವ ತಟ್ಟನೆ ಕಣ್ಣು ಬಿಟ್ಟು, "ಬಂತ್!" ಎಂದು ಕೂಗಿದರು.

"ಅಯ್ಯೋ ದೇವ್ರೇ, ಎಂತ ಬಂತ್?"

"ಕನ್ಸ್ ಬಂತ್, ಮಾರಾಯ್ತಿ! ಪೂರಾ ನೆನಪಿತ್ತ್!"

ಅತ್ತೆ ಅಲ್ಲೇ ಕುಸಿದು ಕೂತು ಬೈಯಲು ಶುರುಮಾಡಿದರು. ಮಾವನ ಮುಖ ಮಾತ್ರ ಕಳೆದುಹೋದ ದನ ಸಂಜೆ ತಾನಾಗಿ ಕೊಟ್ಟಿಗೆಗೆ ಬಂದ ಹಾಗೆ ಅರಳಿತ್ತು.

ಕನಸು ನೆನಪಿದ್ದರೆ ಸಾಲದಲ್ಲ, ಅದರೊಳಗೆ ಅದು ಕನಸೆಂದು ಗೊತ್ತಾಗಬೇಕು. ಅದಕ್ಕೆ ಮಾವನದೇ ಒಂದು ಪರೀಕ್ಷೆ ಇದೆ. ಮೀನು ಮುಟ್ಟುವವರ ಅಂಗೈ ಎಷ್ಟು ಸೋಪು ಹಾಕಿದರೂ ಮೀನಿನ ವಾಸನೆ ಬಿಡುವುದಿಲ್ಲ. ಆದರೆ ಕನಸಿನಲ್ಲಿ ವಾಸನೆ ಇರುವುದಿಲ್ಲವಂತೆ. ಅಂಗೈ ಮೂಸಿ ನೋಡುವುದು: ವಾಸನೆ ಬಂದರೆ ಎಚ್ಚರ, ಬಾರದಿದ್ದರೆ ಕನಸು. ಕನಸಿನೊಳಗೆ ಮೂಸಬೇಕು ಎಂದು ನೆನಪಾಗಬೇಕಾದರೆ ಹಗಲಿಡೀ ಮೂಸುವ ಅಭ್ಯಾಸ ಇರಬೇಕು. ಸರಿ, ಶುರುವಾಯಿತಲ್ಲ! ಚಾ ಕುಡಿಯುವ ಮೊದಲು ಒಮ್ಮೆ, ಕುಡಿದ ಮೇಲೆ ಒಮ್ಮೆ, ಮನೆಗೆ ಬಂದವರು ಮಾತಾಡುತ್ತಿದ್ದರೆ ನಡುನಡುವೆ. ಮಾತಾಡುತ್ತಿದ್ದವರು ತಮ್ಮ ಬಗಲನ್ನು ತಾವೇ ಮೆಲ್ಲಗೆ ಮೂಸಿಕೊಂಡು, ಬೇಗ ಮಾತು ಮುಗಿಸಿ ಎದ್ದು ಹೋಗುತ್ತಿದ್ದರು.

ನನ್ನ ತಂಗಿಯ ಮದುವೆಗೆ ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗಿದ್ದೆವು. ವಧೂವರರಿಗೆ ಅಕ್ಷತೆ ಹಾಕುವ ಸಾಲಿನಲ್ಲಿ ಮಾವ ಮುಂದೆ ನಿಂತಿದ್ದರು. ಮುಷ್ಟಿಯನ್ನು ಮೂಗಿಗೆ ಹಿಡಿದು ಒಮ್ಮೆ ಮೂಸಿ, ಗಂಭೀರವಾಗಿ ಯೋಚಿಸಿ, ಆಮೇಲೆ ಹಾಕಿದರು. ಹಿಂದಿನವರು ನೋಡಿದರು, ತಾವೂ ಮೂಸಿದರು. ಅವರ ಹಿಂದಿನವರಿಗೆ ಅಕ್ಕಿ ಮುಗ್ಗಲು ಹಿಡಿದಿದೆ ಎಂಬ ಸುದ್ದಿಯೇ ಮುಟ್ಟಿತು! ನನ್ನ ಚಿಕ್ಕಪ್ಪ ಓಡಿ ಹೋಗಿ ಅಡಿಗೆಯವರನ್ನು ಬೈದು ಬೇರೆ ಅಕ್ಕಿ ತರಿಸಿದರು. ಹೊಸ ಅಕ್ಕಿಯನ್ನೂ ಮಾವ ಮೂಸಿಯೇ ಹಾಕಿದರು.

ಅದಾದರೂ ಪರವಾಗಿಲ್ಲ. ಶ್ರಾವಣದ ಶನಿವಾರ ನಮ್ಮ ಮನೆಗೆ ಮೀನು ತರುವುದಿಲ್ಲ. ಅಂಥದ್ದೇ ಒಂದು ಶನಿವಾರ ಕಾಲು ತೋರಿಸಿಕೊಂಡು ಕುಂದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮಾವ ಅಂಗೈ ಮೂಸಿದರು. ಇನ್ನೊಂದು ಅಂಗೈಯನ್ನೂ ಮೂಸಿದರು. ಆಸ್ಪತ್ರೆಯ ಸೋಪು ಬಿಟ್ಟರೆ ಬೇರೆ ವಾಸನೆ ಇಲ್ಲ! ಅವರ ಮುಖದ ಮೇಲೆ ಒಂದು ನಗು ಹರಡಿದ್ದನ್ನು ನೋಡಿ ನಾನು ಅವರ ಅಂಗಿಯ ತುದಿ ಹಿಡಿದುಕೊಂಡೆ. ಬಸ್ಸು ಮರವಂತೆಗೆ ಬಂದಿತ್ತು, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಮಾವ ಎದ್ದು ನಿಂತರು.

"ಹ್ವಾಯ್ ಡ್ರೈವರ್ರೇ, ಬಸ್ ಕಡ್ಲಿಗಿಳ್ಸಿ! ಹೆದ್ರ್ಬೇಡಿ, ಇದ್ ನನ್ ಕನ್ಸ್!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಕಂಡಕ್ಟರ್ ಮಾತ್ರ ಒಂದಿಷ್ಟೂ ಅಲುಗಲಿಲ್ಲ. "ಕನ್ಸಾರೂ ಅಡ್ಡಿಲ್ಲೆ, ಟಿಕೆಟ್ ತಕಣಿ" ಎಂದು ಕೈ ಚಾಚಿದ. ಅವನು ಚಿಲ್ಲರೆಗಾಗಿ ಚೀಲವನ್ನೆಲ್ಲ ತಡಕಾಡುವುದನ್ನು ಮಾವ ನೋಡುತ್ತಾ ನಿಂತರು, ಆಮೇಲೆ ಮೆಲ್ಲಗೆ ಕೂತರು. "ಚಿಲ್ರೆಗ್ ಇಷ್ಟ್ ಹೊತ್ತ್ ಆಯ್ಕಂದ್ರೆ ಇದ್ ಕನ್ಸಲ್ಲ ಹೆಣ್ಣೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವತ್ತಿನಿಂದ ಮೀನಿಲ್ಲದ ದಿನ ಮಾವ ಹೊರಗೆ ಹೊರಟರೆ, ಅತ್ತೆ ಅವರ ಜೇಬಿಗೆ ಒಂದು ತುಂಡು ಒಣಮೀನು ಹಾಕಿ ಕಳಿಸುತ್ತಾರೆ. ಪಕ್ಕದ ಸೀಟಿನವರ ಪಾಡು ದೇವರಿಗೇ ಪ್ರೀತಿ.

ಹೀಗೆ ಮೂಸಿ ಮೂಸಿ ಮಾವ ತಮ್ಮ ವಿದ್ಯೆಯನ್ನು ಮರಳಿ ಪಡೆದರು. ಕನಸು ಕೈಗೆ ಬಂದ ಮೇಲೆ ಮನುಷ್ಯ ಏನು ಮಾಡಬೇಕು ಹೇಳಿ! ನನಗೆ ಸಿಕ್ಕಿದ್ದರೆ ವಿಮಾನ ಹತ್ತುತ್ತಿದ್ದೆ, ಕಾಶ್ಮೀರದ ಹಿಮದಲ್ಲಿ ಜಾರುತ್ತಿದ್ದೆ, ಕನಿಷ್ಠ ಯಾರೋ ಮಾಡಿ ಬಡಿಸಿದ ಊಟವನ್ನಾದರೂ ಕೂತು ಉಣ್ಣುತ್ತಿದ್ದೆ. ಮಾವ ನೆಟ್ಟಗೆ ನಮ್ಮ ಮನೆಯ ಹಿಂದಿನ ಕಡಲಿಗೇ ಹೋದರು. ಹಳೆಯ ಸಂಗಡಿಗರನ್ನೆಲ್ಲ ಕರೆದರು, ಕೈರಂಪಣಿ ಬಲೆಯನ್ನು ನೀರಿಗೆ ಬಿಟ್ಟರು. ಕನಸಿನಲ್ಲಿ ಮೊಣಕಾಲು ನೋಯುವುದಿಲ್ಲವಂತೆ.

ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಗಂಡ ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ಐಸ್ ಹಾಕುವ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಬರುವಾಗ ಒಂದು ಚೀಲ ಮೀನು ತರುತ್ತಾರೆ. ಆ ಕನಸು ಬಿದ್ದ ದಿನ ತಂದ ಚೀಲವನ್ನು ಮಾವ ಇಸಿದುಕೊಂಡು ಅಂಗಳದಲ್ಲಿ ತೆಂಗಿನ ಮಡಲು ಹಾಸಿ, ಬಂಗುಡೆಗಳನ್ನು ಸಣ್ಣ ಸಣ್ಣ ರಾಶಿ ಮಾಡಿದರು.

"ಇದೆಂತ ಮಾವ?"

"ಪಾಲ್. ಬೆಳ್ಗಿನ್ ಜಾವ ಬಲೆ ಎಳ್ದ್ರಲೆ, ಅವ್ರಿಗೆ."

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು ಎನ್ನುವುದು ನಮ್ಮ ಕಡಲ ಬದಿಯ ಕಟ್ಟಳೆ. ದಾರಿಯಲ್ಲಿ ಹೋಗುವವನು ಒಮ್ಮೆ ಜಗ್ಗಿದರೂ ಅವನ ಚೀಲಕ್ಕೆ ನಾಲ್ಕು ಮೀನು ಬೀಳಲೇಬೇಕು. ಕೊಡದೆ ಮನೆಗೆ ಹೋದ ಮುಂದಾಳನ್ನು ಯಾರೂ ಮತ್ತೆ ಮುಂದಾಳು ಎನ್ನುವುದಿಲ್ಲ. ಅದೆಲ್ಲ ನನಗೂ ಗೊತ್ತು. ಆದರೆ!

"ಅದ್ ಕನ್ಸಲ್ದಾ ಮಾವ?"

"ಕನ್ಸ್ ನಂದ್. ಬೆವ್ರ್ ಅವ್ರದ್ದ್" ಅಂದರು.

ಇದಕ್ಕೆ ಉತ್ತರ ಗೊತ್ತಿದ್ದವರು ನನಗೆ ತಿಳಿಸಿ. ಗೊತ್ತಿಲ್ಲದ ನಾನು ಚೀಲ ಹಿಡಿದು ಮಾವನ ಹಿಂದೆ ಮನೆಮನೆಗೆ ಹೋದೆ. ಮೊದಲನೆಯ ಮನೆಯವರು ಏನೆಂದು ಅರ್ಥವಾಗದೆ ಮೀನು ತೆಗೆದುಕೊಂಡರು. ಎರಡನೆಯ ಮನೆಯವರಂತೂ ಎಲ್ಲ ಕೇಳಿ, "ಅದಕ್ಕೇ ಕಾಣಿ, ಬೆಳ್ಗಾತ ಎದ್ರೆ ಭುಜ ಹಿಡ್ಕಂಡಿತ್ತ್!" ಎಂದು ಭುಜ ಉಜ್ಜಿಕೊಂಡರು. ಪುಕ್ಕಟೆ ಮೀನು ಬಂದರೆ ಭುಜ ಏನು, ಯಾವುದನ್ನು ಬೇಕಾದರೂ ಉಜ್ಜಿಕೊಳ್ಳಬಹುದು.

ವಾರದೊಳಗೆ ಇದು ಊರಿನ ಪದ್ಧತಿಯೇ ಆಯಿತು. ರವಿಕೆ ಅಳತೆಗೆಂದು ಬಂದವರು ನನ್ನ ಟೇಪು ಮೈಗೆ ತಾಗುವ ಮೊದಲೇ, "ನಮ್ಮನಿಯವ್ರ್ ಇವತ್ ಹಗ್ಗ ಎಳುಕೆ ಬಂದಿದ್ರಾ?" ಎಂದು ಕೇಳುವರು. ಒಬ್ಬಾಕೆಯ ಗಂಡ ಎರಡು ದಿನ ಸಾಲಾಗಿ ಬಂದಿದ್ದರು. ಆಕೆ ಹಣೆ ಚಚ್ಚಿಕೊಂಡು, "ಮನೆಯಗೆ ಒಂದ್ ಕೊಡಪಾನ ನೀರ್ ಎತ್ತುದಿಲ್ಲ. ನಿಮ್ಮಾವನ ಕನ್ಸಂಗಾರೂ ಕೆಲ್ಸ ಮಾಡ್ತ್ರಲೆ, ದಿನಾ ಕರುಕೆ ಹೇಳಿ" ಅಂದರು. ಇನ್ನೊಬ್ಬರು ಸೊಂಟ ಹಿಡಿದುಕೊಂಡು ಬಂದು ಮಾವನ ಮುಂದೆ ನಿಂತು, ಸೊಂಟನೋವು, ಎರಡು ದಿನ ತಮ್ಮನ್ನು ಕರೆಯಬಾರದು ಎಂದು ರಜೆ ಕೇಳಿದರು! ಮಾವ ಸ್ವಲ್ಪ ಯೋಚಿಸಿ ರಜೆ ಕೊಟ್ಟರು. ಆ ಎರಡು ದಿನ ಅವರಿಗೆ ಪಾಲು ಹೋಗಲಿಲ್ಲ. ಮೂರನೆಯ ದಿನ ಅವರ ಸೊಂಟ ತಾನಾಗಿ ಸರಿಯಾಯಿತು.

ಅತ್ತೆಗೆ ಮಾತ್ರ ಸಿಟ್ಟು. ಊರಿಗೆಲ್ಲ ಹಂಚಿ ನಮಗೆ ಉಳಿಯುವುದು ನಾಲ್ಕು ತಲೆ, ಎರಡು ಬಾಲ. ಒಂದು ದಿನ ಸಾರು ಕುದಿಸುತ್ತಾ ಅವರು ಕೇಳಿಯೇಬಿಟ್ಟರು.

"ಊರ್ನರ್ನೆಲ್ಲ ಕರಿತ್ರಿ. ಕಟ್ಕಂಡ್ ಹೆಂಡ್ತಿನ್ ಒಂದಿನ ಹಗ್ಗ ಮುಟ್ಟುಕೆ ಕರುಕಾಗ್ದಾ? ನಮ್ಗೂ ಒಂದ್ ಪಾಲ್ ಸಿಕ್ತಿತ್ತ್."

"ನೀ ಬಂದ್ರೆ ಹಗ್ಗ ಎಳಿತಿಲ್ಲೆ, ನನ್ನನ್ ಮನಿಗ್ ಎಳಿತೆ" ಅಂದರು ಮಾವ. ಅವತ್ತಿನ ಸಾರಿನಲ್ಲಿ ಉಪ್ಪೇ ಇರಲಿಲ್ಲ.

ಈಗ ಬಡಗಣ ಹಗ್ಗದವರ ವಿಷಯಕ್ಕೆ ಬರುತ್ತೇನೆ. ಅವರ ಮನೆ ನಮ್ಮ ಗೇಟಿನಿಂದ ಕಾಣುತ್ತದೆ. ಮಾವನೂ ಅವರೂ ಒಂದೇ ಬಟ್ಟಲಿನಲ್ಲಿ ಗಂಜಿ ಉಂಡು ಬೆಳೆದವರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇಬ್ಬರಲ್ಲಿ ನನ್ನ ಮಾವ ಯಾರು ಎಂದು ಗೊತ್ತುಮಾಡಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು, ಯಾಕೆಂದರೆ ಇಬ್ಬರೂ ನನ್ನಿಂದ ಚಾ ಕೇಳುತ್ತಿದ್ದರು. ಆಮೇಲೊಂದು ದಿನ, ವರ್ಷಕ್ಕೊಮ್ಮೆ ಬರುವಂಥ ದೊಡ್ಡ ಹಿಂಡು ಬಲೆಗೆ ಬಿತ್ತು. ಎರಡು ಹಗ್ಗಗಳೂ ಸರಿಸಮ ಬರಬೇಕು. ಅವತ್ತು ಬರಲಿಲ್ಲ. ಬಲೆ ಓರೆಯಾಗಿ ಮೀನೆಲ್ಲ ತಪ್ಪಿಸಿಕೊಂಡು ಹೋಯಿತು. "ನೀ ಬೇಗ ಎಳ್ದೆ" ಎಂದು ಅವರು, "ನೀ ತಡ ಮಾಡ್ದೆ" ಎಂದು ಇವರು. ಇಷ್ಟೇ! ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಮಾವನೂ ಸಂಗಡಿಗರೂ ಬೇರೆ ಬೇರೆ ದೋಣಿ ಹತ್ತಿದರು, ಬಲೆ ಮನೆಯ ಮಾಡಿನ ಅಡಿ ಸೇರಿತು. ಗಂಡಸರ ಮಾತು ನಿಂತರೂ ಹೆಂಗಸರ ರವಿಕೆ ನಿಲ್ಲುತ್ತದೆಯೇ? ಅವರ ಹೆಂಡತಿ ನನ್ನ ಹತ್ತಿರವೇ ಹೊಲಿಸುತ್ತಾರೆ.

ಕನಸಿನಲ್ಲಿ ಬಡಗಣ ಹಗ್ಗವನ್ನು ಯಾರು ಎಳೆಯುತ್ತಾರೆ ಎಂದು ಅತ್ತೆ ಒಮ್ಮೆ ಕೇಳಿದ್ದರು. "ಅದ್ ತನ್ನಷ್ಟಕ್ಕೆ ಬತ್ತ್" ಎಂದು ಮಾವ ಮಾತು ತಿರುಗಿಸಿದರು. ಹಗ್ಗ ತನ್ನಷ್ಟಕ್ಕೇ ಬರುತ್ತದೆಯಂತೆ, ಅಲ್ಲಿ ಯಾರೂ ಇಲ್ಲವಂತೆ! ನಾಯಿಗೆ ಬನ್ಸ್ ಕೊಡಿಸಿದವರಿಗೆ ಅಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಲು ಆಗುವುದಿಲ್ಲವೇ? ಆಗ ನನಗೆ ಅರ್ಥವಾಯಿತು. ಮಾವ ಈ ಕನಸನ್ನು ಕಷ್ಟಪಟ್ಟು ಹಿಂದಕ್ಕೆ ತಂದದ್ದು ಮೀನಿಗಾಗಿ ಅಲ್ಲ. ಆ ಜಾಗದಲ್ಲಿ ಆ ಒಬ್ಬರು ನಿಲ್ಲಬೇಕಿತ್ತು.

ಒಂದು ದಿನ ರವಿಕೆ ಕೊಡಲು ಆ ಗೆಳೆಯರ ಮನೆಗೆ ಹೋದಾಗ ಅವರ ಹೆಂಡತಿ ದನಿ ತಗ್ಗಿಸಿ ಹೇಳಿದರು, "ನೀವ್ ಪಾಲ್ ಕೊಡುಕ್ ಹೊರಡು ಹೊತ್ತಿಗೆ ಇವ್ರ್ ಜಗ್ಲಿ ಮೇಲ್ ಬಂದ್ ಕೂಕಂತ್ರ್. ನೀವ್ ನಮ್ ಗೇಟ್ ದಾಟಿ ಹೋದ್ಮೇಲೆ ಒಳ್ಗ್ ಬತ್ರ್. ದಿನಾ ಹಾಂಗೇ."

ಮನೆಗೆ ಬಂದವಳೇ ಮಾವನಿಗೆ ಹೇಳಿದೆ. "ನಿಮ್ದೇ ಕನ್ಸಲ್ದಾ ಮಾವ? ಒಂದ್ಸಲ ಕರೀನಿ. ಕರ್ದ್ರೆ ಬತ್ರ್" ಎಂದೆ.

ಮಾವ ಒಮ್ಮೆ ಗೇಟಿನ ಆಚೆ ನೋಡಿದರು.

"ಕರ್ದ್ರೆ ಬತ್ತ. ಬರ್ದೆ ಎಲ್ಲಿಗ್ ಹೋತ? ಆರೆ ನಾ ಕರ್ದ್ ಬಂದ್ರೆ, ಅದ್ ಅವ ಬಂದಾಂಗಾತ್ತಾ ಹೆಣ್ಣೆ? ನಾನೇ ಬಂದಾಂಗಾತ್ತ್."

ಅವತ್ತು ನಾನು ಮೆಷಿನ್ ಮುಂದೆ ಕೂತವಳು ತೋಳನ್ನು ತಿರುವುಮುರುವು ಹೊಲಿದುಬಿಟ್ಟೆ.

ಮಳೆಗಾಲ ಮುಗಿದು ಆಕಾಶ ತಿಳಿಯಾಗಿತ್ತು. ಒಂದು ಬೆಳಿಗ್ಗೆ ಮಾವ ಎದ್ದವರು ಲೋಟವನ್ನೇ ಮುಟ್ಟಲಿಲ್ಲ. ಚಾ ಆರಿತು. ಅಂಗೈಯನ್ನು ಮೂಸುತ್ತಾರೆ, ಇಳಿಸುತ್ತಾರೆ, ಮತ್ತೆ ಮೂಸುತ್ತಾರೆ. ನನ್ನ ಗಂಡ ಚೀಲ ತಂದಿಟ್ಟರು. ಅವತ್ತು ಬಂಗುಡೆಯ ಜೊತೆ ಅದಕ್ಕಿಂತ ದುಬಾರಿಯ ಕಾಣೆ ಮೀನು ಇತ್ತು. ಮಾವ ಮಡಲು ಹಾಸಲಿಲ್ಲ. ದೊಡ್ಡ ದೊಡ್ಡ ಕಾಣೆಗಳನ್ನು ಒಂದೊಂದಾಗಿ ತಾವೇ ಆರಿಸಿ ಬೇರೆ ಚೀಲಕ್ಕೆ ಹಾಕಿದರು. ಅತ್ತೆ ಬಾಗಿಲಿಗೆ ಬಂದು ನಿಂತರು.

"ಅವ ಬಂದಿದ" ಅಂದರು ಮಾವ.

"ನೀವ್ ಕರ್ದ್ರಾ?"

"ಇಲ್ಲೆ. ನಾನ್ ತೆಂಕಿನ್ ಹಗ್ಗ ಎಳಿತಿದ್ದೆ. ಬಡಗಿಂದ ದನಿ ಕೇಂತ್. ‘ಹ್ವಾಯ್, ಒಂಚೂರ್ ನಿಧಾನ ಎಳಿ, ಬಲೆ ಓರೆ ಆತಾ ಇತ್ತ್’ ಅಂದ. ತಿರ್ಗ್ ಕಂಡ್ರೆ ಅವ. ಬರೀ ಮೈಯಗೆ, ಹಗ್ಗ ಸೊಂಟಕ್ಕೆ ಸುತ್ಕಂಡ್." ಮಾವ ಮೂಗು ಒರೆಸಿಕೊಂಡರು. "ನಿಧಾನ ಎಳಿ ಅಂಬ ಮಾತನ್ನ ನಾನಾರೆ ಅವ್ನ ಬಾಯಂಗೆ ಹಾಕ್ತಿದ್ನಾ? ಅವ್ನೇ ಬಂದದ್ದ್."

ಅತ್ತೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತಂದು ಕೊಟ್ಟರು. "ಹಗ್ಗ ಮುಟ್ಟಿದ್ರಲೆ. ಪಾಲ್ ಕೊಡ್ದಿದ್ರೆ ಆಪ್ದಲ್ಲ" ಎಂದಷ್ಟೇ ಅಂದರು.

ಎರಡು ಗೇಟುಗಳ ನಡುವಿನ ದಾರಿ ಸಣ್ಣದು. ಮಾವ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ನಡೆದರು. ನಾನು ಹಿಡಿದುಕೊಳ್ಳುತ್ತೇನೆ ಎಂದರೆ ಚೀಲ ಬಿಡಲಿಲ್ಲ. ಆ ಗೆಳೆಯರು ಜಗುಲಿಯ ಮೇಲೆ ಕೂತಿದ್ದರು. ನಾವು ದಾಟಿ ಹೋಗದೆ ಗೇಟಿನಲ್ಲೇ ನಿಂತದ್ದನ್ನು ಕಂಡು ಮೆಲ್ಲಗೆ ಎದ್ದು ಅಂಗಳಕ್ಕೆ ಇಳಿದರು. ಇಬ್ಬರೂ ಎಷ್ಟು ಮುದುಕರಾಗಿದ್ದಾರೆ ಎಂದು ಅವರನ್ನು ಒಟ್ಟಿಗೆ ನೋಡಿದಾಗಲೇ ನನಗೆ ಕಂಡದ್ದು. ಒಳಗಿನಿಂದ ಅವರ ಹೆಂಡತಿ ಬಂದು ಕಂಬ ಹಿಡಿದು ನಿಂತರು.

ಮಾವ ಚೀಲ ಮುಂದೆ ಚಾಚಿದರು. "ನೀ ಬಂದಿದ್ದೆ. ನಿನ್ ಪಾಲ್."

ಅವರು ಚೀಲ ತೆಗೆದುಕೊಂಡು ಬಾಯಿ ಬಿಡಿಸಿ ನೋಡಿದರು. ನೋಡುತ್ತಲೇ ಇದ್ದರು. "ಕಾಣೆ?" ಅಂದರು ಕೊನೆಗೆ.

"ಹೌದ್. ನಿಧಾನ ಎಳ್ದದ್ದಕ್ಕೆ ಸಿಕ್ತ್" ಅಂದರು ನಮ್ಮ ಮಾವ.

ಇಷ್ಟು ವರ್ಷ ಎರಡೂ ಮನೆಯವರು ಕಾದದ್ದು ಈ ಮಾತಿಗೇ. ಅದನ್ನು ಹೇಳಲು ಮಾವ ಒಂದು ಇಡೀ ಕನಸನ್ನು ಕಟ್ಟಬೇಕಾಯಿತು! ಗೆಳೆಯರು ತಲೆ ಎತ್ತಲಿಲ್ಲ. ಚೀಲದ ಬಾಯಿಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ನಾಳೆ ಎಷ್ಟೊತ್ತಿಗ್ ಹೋಪ್ದ್?"

ಮಾವ ಕೋಲನ್ನು ಗೇಟಿಗೆ ಒರಗಿಸಿ, ಮುಖವನ್ನು ಕಡಲ ಕಡೆಗೆ ತಿರುಗಿಸಿ, ಮೀನು ಆರಿಸಿದ್ದ ಅಂಗೈಯನ್ನು ಮೂಗಿಗೆ ಹಿಡಿದರು. ಒಮ್ಮೆ ದೀರ್ಘವಾಗಿ ಉಸಿರೆಳೆದರು.

"ವಾಸ್ನೆ ಬತ್ತಾ ಮಾವ?" ಎಂದು ಕೇಳಿದೆ.

"ಬತ್ತ್ ಹೆಣ್ಣೆ" ಅಂದರು. "ಮೀನಿನ್ ವಾಸ್ನೆ ಬತ್ತ್."